ಲೈನ್ ಖಾಲಿಯಾದ ಸೋಮವಾರ: ಹವಾಸಾದ ಒಂದು ಗಾರ್ಮೆಂಟ್ಸ್ ಪ್ರಕರಣ

ಈ ಪ್ರಕರಣದಲ್ಲಿ ನಾನು ಹೊರಗೆ ನಿಂತು ನೋಡಿದವನಲ್ಲ. ಗಾರ್ಮೆಂಟ್ಸ್ ಕಂಪನಿಯೊಂದರಿಂದ ಇಥಿಯೋಪಿಯಾಕ್ಕೆ ಹೊರಟಿದ್ದ ಹದಿನಾಲ್ಕು ಜನ ಮ್ಯಾನೇಜರುಗಳನ್ನು ಬೆಂಗಳೂರಿನ ಹೋಟೆಲೊಂದರಲ್ಲಿ ಕೂರಿಸಿ ಎರಡು ದಿನ ‘ಅಲ್ಲಿನ ಸಂಸ್ಕೃತಿ’ ಹೇಳಿಕೊಟ್ಟವನು ನಾನೇ. ಒಂದೂವರೆ ವರ್ಷದ ಮೇಲೆ, ಎಲ್ಲಿ ಕೆಟ್ಟಿತು ನೋಡಿ ಬನ್ನಿ ಅಂತ ಅದೇ ಕಂಪನಿ ನನ್ನನ್ನು ಅಲ್ಲಿಗೆ ಕಳಿಸಿತು. ಕೆಟ್ಟದ್ದರಲ್ಲಿ ನನ್ನ ಪಾಲೂ ಇದೆ ಅಂತ ತಿಳಿಯಲು ನಾಲ್ಕು ದಿನ ಬೇಕಾಯಿತು. ಕಂಪನಿ, ಖರೀದಿದಾರ, ವ್ಯಕ್ತಿಗಳ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಊರು, ಹಬ್ಬ, ಭಾಷೆ ಮಾತ್ರ ಇದ್ದ ಹಾಗೇ ಇವೆ. ಅವನ್ನು ಬದಲಿಸಿದರೆ ಹೇಳಲು ಏನೂ ಉಳಿಯುವುದಿಲ್ಲ.

ಹಿನ್ನೆಲೆ

ಹವಾಸಾ ಅಡಿಸ್ ಅಬಾಬಾದಿಂದ ದಕ್ಷಿಣಕ್ಕೆ ಸುಮಾರು 275 ಕಿ.ಮೀ. ದೂರದಲ್ಲಿ, ಸರೋವರದ ದಂಡೆಯ ಮೇಲಿರುವ ಊರು. 2016ರಲ್ಲಿ ಅಲ್ಲಿನ ಸರ್ಕಾರ ಬಟ್ಟೆ ಉದ್ಯಮಕ್ಕೆಂದೇ ದೊಡ್ಡ ಕೈಗಾರಿಕಾ ಪಾರ್ಕ್ ತೆರೆಯಿತು. ಶೆಡ್ ಕಟ್ಟಿ ಕೊಡುತ್ತಿದ್ದರು, ಕೊಳಕು ನೀರನ್ನು ಹೊರಗೆ ಬಿಡದೆ ಶುದ್ಧ ಮಾಡುವ ಘಟಕ ಇತ್ತು, ಅಮೆರಿಕಕ್ಕೆ ಸುಂಕವಿಲ್ಲದೆ ಮಾಲು ಕಳಿಸುವ ಅನುಕೂಲವೂ ಇತ್ತು. ಖಾಸಗಿ ವಲಯಕ್ಕೆ ಕನಿಷ್ಠ ವೇತನದ ಕಾನೂನು ಇರಲಿಲ್ಲ. 2019ರ ಹೊತ್ತಿಗೆ ಪಾರ್ಕಿನಲ್ಲಿ ಹೊಸಬರ ಮೂಲ ವೇತನ ತಿಂಗಳಿಗೆ 26 ಡಾಲರ್ ಆಸುಪಾಸು. ಬೇರೆ ಬೇರೆ ದೇಶಗಳ ಕಂಪನಿಗಳು ಅಲ್ಲಿಗೆ ಹೋದದ್ದಕ್ಕೆ ಈ ಅಂಕಿಯೂ ಒಂದು ಕಾರಣ. ಪ್ರಕರಣ ಓದುವಾಗ ಇದನ್ನು ಮರೆಯಬಾರದು.

ನಮ್ಮ ಕಂಪನಿ ಬೆಂಗಳೂರಿನದು. ಪೀಣ್ಯದಲ್ಲಿ ಹಳೆಯ ಘಟಕ, ಮದ್ದೂರಿನ ಕಡೆ ಹೊಸದು. ಹವಾಸಾದಲ್ಲಿ ಯುರೋಪಿನ ಒಬ್ಬ ಖರೀದಿದಾರನಿಗೆ ಗಂಡಸರ ಶರ್ಟು ಹೊಲಿಯುತ್ತಿತ್ತು. ಘಟಕದ ಜನರಲ್ ಮ್ಯಾನೇಜರ್ (ಜಿಎಂ) ಮಂಡ್ಯ ಜಿಲ್ಲೆಯವರು. ಕಟಿಂಗ್ ಹೆಲ್ಪರ್ ಆಗಿ ಸೇರಿ ಇಪ್ಪತ್ತೆರಡು ವರ್ಷದಲ್ಲಿ ಮೇಲೆ ಬಂದವರು. ಕಣ್ಣು ಮುಚ್ಚಿ ನಿಂತರೂ ಮೆಷಿನ್ ಸದ್ದಿನ ಮೇಲೆ, ಕಾಲರ್ ಹೊಲಿಯುವಲ್ಲಿ ಬಟ್ಟೆಯ ಬಂಡಲ್ ಮುಂದೆ ಹೋಗದೆ ನಿಂತಿದೆ ಅಂತ ಹೇಳಬಲ್ಲರು. ಒಳ್ಳೆಯ ಮನುಷ್ಯ. ಲೈನ್ (ಹೊಲಿಗೆ ಮೆಷಿನ್‌ಗಳ ಸಾಲು) ಮೇಲೆ ನಿಂತರೆ ಮಾತ್ರ ದನಿ ಏರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಬೆಳೆದವರಿಗೆ ಅದು ಉಸಿರಾಟದ ಹಾಗೆ.

ನನ್ನ ತರಬೇತಿಯಲ್ಲಿ ಏನಿತ್ತು? ಇಥಿಯೋಪಿಯಾದ ವರ್ಷಕ್ಕೆ ಹದಿಮೂರು ತಿಂಗಳು. ಅವರ ಲೆಕ್ಕ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಬೆಳಗಿನ ಆರಕ್ಕೆ ಅವರ ಗಡಿಯಾರ ಶುರು, ಹಾಗಾಗಿ ನಮ್ಮ ಎಂಟು ಗಂಟೆ ಅವರಿಗೆ ಎರಡು. ಮನೆತನದ ಹೆಸರಿಲ್ಲ, ತನ್ನ ಹೆಸರಾದ ಮೇಲೆ ಅಪ್ಪನ ಹೆಸರು. ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಈಸ್ಟರ್ ಮುಂಚೆ 55 ದಿನದ ದೊಡ್ಡ ಉಪವಾಸ. ಕಾಫಿ ಅಂದರೆ ಬರೀ ಕುಡಿಯುವುದಲ್ಲ: ಹಸಿ ಬೀಜ ಹುರಿದು, ಕುಟ್ಟಿ, ಕುದಿಸಿ ಮೂರು ಸುತ್ತು ಕೊಡುವ ಉಪಚಾರ. ಎಲ್ಲವೂ ನಿಜವೇ. ಗಡಿಯಾರದ ಮಾತಂತೂ ಮೊದಲ ವಾರದಲ್ಲೇ ಉಪಯೋಗಕ್ಕೆ ಬಂತು, ಪಾಳಿಯ ನೋಟಿಸಿನಲ್ಲಿ ಎರಡೂ ಸಮಯ ಬರೆದರು. ಅದೊಂದು ಸರಿಹೋದದ್ದೇ ತೊಂದರೆಯಾಯಿತೋ ಏನೋ. ಜಿಎಂ ಮತ್ತವರ ಜತೆಯವರು, ‘ನಮಗೆ ಇವರು ಗೊತ್ತು’ ಅಂದುಕೊಂಡರು.

ಫ್ಲೋರ್ ಮೇಲೆ ಯಾರಿದ್ದಾರೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಹವಾಸಾ ಸಿದಾಮಾ ಜನರ ಸೀಮೆ. ಆಪರೇಟರ್ ಹುಡುಗಿಯರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಗಳಿಂದ ಬಂದ ಸಿದಾಮಾದವರು, ಮನೆಮಾತು ಸಿದಾಮು ಅಫೂ, ಬಹುತೇಕ ಪ್ರಾಟೆಸ್ಟೆಂಟ್ ಚರ್ಚಿಗೆ ಹೋಗುವವರು. ಸೂಪರ್‌ವೈಸರುಗಳು ಪಟ್ಟಣದವರು, ಅಮ್ಹಾರಿಕ್ ಆಡುವವರು. ಅವರ ಮೇಲೆ ಇಂಗ್ಲಿಷಿನಲ್ಲಿ ಆಜ್ಞೆ ಕೊಟ್ಟು ತಮ್ಮತಮ್ಮಲ್ಲೇ ಹಿಂದಿ, ಕನ್ನಡ, ತಮಿಳು ಮಾತಾಡುವ ನಮ್ಮವರು. ಮೇಲಿನ ಮಾತು ಎರಡು ಸಲ ಭಾಷೆ ಬದಲಿಸಿ ಕೆಳಗೆ ಇಳಿಯುತ್ತಿತ್ತು. ಕೆಳಗಿನ ಮಾತು ಮೇಲೆ ಹತ್ತುತ್ತಲೇ ಇರಲಿಲ್ಲ.

ನನ್ನ ಸ್ಲೈಡ್ ನೋಡಿ ಕ್ಯಾಂಟೀನಿನಲ್ಲಿ ಬುಧವಾರ, ಶುಕ್ರವಾರ ಮಾಂಸ ನಿಲ್ಲಿಸಿದ್ದರು. ಆ ಉಪವಾಸವೇ ಇಲ್ಲದ ಹುಡುಗಿಯರು, ನಮ್ಮ ಊಟ ಯಾಕೆ ಕಡಿಮೆಯಾಯಿತು ಅಂತ ತಲೆ ಕೆಡಿಸಿಕೊಂಡಿದ್ದರಂತೆ. ತಿಂಗಳಿಗೊಮ್ಮೆ ಫ್ಲೋರ್ ಪಕ್ಕದಲ್ಲಿ ಕಾಫಿ ಉಪಚಾರವನ್ನೂ ಇಟ್ಟಿದ್ದರು. ಗಂಟೆಗಟ್ಟಲೆ ನಡೆಯುವುದಕ್ಕೆ ಕೊಟ್ಟದ್ದು ಹದಿನೈದು ನಿಮಿಷ! ಮೊದಲ ಸುತ್ತು ಮುಗಿಯುವಷ್ಟರಲ್ಲಿ ಬೆಲ್ ಹೊಡೆಯುತ್ತಿತ್ತು. ಫೋಟೋ ಚೆನ್ನಾಗಿ ಬಂದಿದೆ, ಕಂಪನಿಯ ವರದಿಯಲ್ಲಿ ಈಗಲೂ ನೋಡಬಹುದು.

ಆ ಸೋಮವಾರ

ಹದಿನೆಂಟು ಸಾವಿರ ಶರ್ಟಿನ ಆರ್ಡರು. ಇಥಿಯೋಪಿಯಾಕ್ಕೆ ಸಮುದ್ರವಿಲ್ಲ, ಕಂಟೇನರ್ ಜಿಬೂಟಿ ಬಂದರಿಗೆ ಹೋಗಬೇಕು. ಹಡಗಿಗೆ ಮೂರು ವಾರವಿತ್ತು. ಸೋಮವಾರ ಬೆಳಗ್ಗೆ ಜಿಎಂ ಬಂದು ನೋಡಿದರೆ ನಾಲ್ಕನೇ ಲೈನ್‌ನಲ್ಲಿ 58 ಜನರಿಗೆ ಕೂತಿದ್ದವರು 21. ಉಳಿದ ಲೈನ್‌ಗಳೂ ಅರ್ಧಂಬರ್ಧ.

ಅವರಿಗೆ ಥಟ್ಟನೆ ನೆನಪಾದದ್ದು 2016ರ ಏಪ್ರಿಲ್. ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದು ಎರಡು ದಿನ ನಗರವನ್ನು ನಿಲ್ಲಿಸಿದ್ದರು. ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಆಗ ಪೀಣ್ಯದಲ್ಲಿದ್ದ ಇವರಿಗೆ ಹಿಂದಿನ ಸಂಜೆಯವರೆಗೂ ಸುಳಿವೇ ಸಿಕ್ಕಿರಲಿಲ್ಲ. ‘ಮತ್ತೆ ಅದೇ’ ಅಂತ ಎದೆ ಹೊಡೆದುಕೊಂಡಿತು ಅಂತ ನನ್ನ ಹತ್ತಿರ ಒಪ್ಪಿಕೊಂಡರು. ಅಂಜಿಕೆಯಲ್ಲೇ ನೋಟಿಸ್ ಹೊಡೆಸಿದರು: ಮೂರು ದಿನದೊಳಗೆ ಬಾರದವರ ಹೆಸರು ತೆಗೆಯಲಾಗುವುದು, ಬಂದವರಿಗೂ ಆ ತಿಂಗಳ ಹಾಜರಿ ಬೋನಸ್ ಇಲ್ಲ. ಇಂಗ್ಲಿಷಿನಲ್ಲಿ ಒಂದು, ಅಮ್ಹಾರಿಕ್‌ನಲ್ಲಿ ಒಂದು. ಸಿದಾಮು ಅಫೂ ಬರೆಯುವುದು ಲ್ಯಾಟಿನ್ ಅಕ್ಷರದಲ್ಲಿ, ಅಮ್ಹಾರಿಕ್‌ಗೆ ಬೇರೆಯೇ ಲಿಪಿ. ಯಾರಿಗಾಗಿ ಬರೆದರೋ ಅವರ ಭಾಷೆಯಲ್ಲಿ ನೋಟಿಸೇ ಇರಲಿಲ್ಲ.

ಬುಧವಾರ ಹೆಚ್ಚಿನವರು ತಾವಾಗಿಯೇ ಬಂದರು, ಕೆಲವರ ಕೈಯಲ್ಲಿ ಊರಿನ ಬುತ್ತಿ. ಬಾಗಿಲಲ್ಲಿ ನೋಟಿಸ್. ಯಾರೂ ಜಗಳ ಆಡಲಿಲ್ಲ. ಸಂಬಳದ ದಿನ ಬಂತು, ಮರುದಿನದಿಂದ ಒಬ್ಬೊಬ್ಬರೇ ಹೇಳದೆ ಕೇಳದೆ ಬಿಟ್ಟರು. ಅದರಲ್ಲಿ ಕಫ್ ಮತ್ತು ಕಾಲರ್ ಕೂರಿಸುವ ಪಳಗಿದ ಕೈಗಳೇ ಹೆಚ್ಚು. ಹೊಸಬರನ್ನು ಕೂರಿಸಿದರೆ ಆಲ್ಟರ್, ಅಂದರೆ ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸುಗಳ ರಾಶಿ ಬೀಳುತ್ತಿತ್ತು. ಬೆಂಗಳೂರಿನ ಮೀಟಿಂಗ್‌ಗಳಲ್ಲಿ ಒಂದು ಮಾತು ಚಾಲ್ತಿಗೆ ಬಂತು: ‘ಅಲ್ಲಿಯವರಿಗೆ ಇಂಡಸ್ಟ್ರಿಯಲ್ ಕಲ್ಚರ್ ಇಲ್ಲ.’ ಸಂಸ್ಕೃತಿ ಅನ್ನುವ ಪದ ಅಷ್ಟು ಸುಲಭವಾಗಿ ಬೈಗುಳವಾಗುವುದನ್ನು ನಾನು ಮೊದಲು ಕಂಡಿರಲಿಲ್ಲ.

ಗೌರಿ ಹಬ್ಬ

ತಿರುವು ಬಂದದ್ದು ಎಚ್‌ಆರ್ ಸಹಾಯಕಿಯಿಂದ. ಇಪ್ಪತ್ತನಾಲ್ಕು ವರ್ಷದ ಸಿದಾಮಾ ಹುಡುಗಿ, ಅಲ್ಲೇ ಓದಿದವಳು, ಮೂರೂ ಭಾಷೆ ಬಲ್ಲವಳು. ಅಲ್ಲಿಯತನಕ ಅವಳ ಕೆಲಸ ಹಾಜರಿ ಪುಸ್ತಕ ಮತ್ತು ಅನುವಾದ. ಬಿಟ್ಟುಹೋದವರ ಪಟ್ಟಿಗೆ ಸಹಿ ಹಾಕಿಸಲು ಜಿಎಂ ಕೋಣೆಗೆ ಹೋದವಳು ಸಹಿಯಾದ ಮೇಲೂ ನಿಂತೇ ಇದ್ದಳಂತೆ. ‘ಏನಮ್ಮ?’ ಅಂದರು, ಇಂಗ್ಲಿಷಿನ ನಡುವೆ ಕನ್ನಡದಲ್ಲೇ.

‘ಸರ್, ಅದು ಫಿಚೆ ಹಬ್ಬ. ಹದಿನೈದು ದಿನ ಮುಂಚೆಯೇ ಸೂಪರ್‌ವೈಸರ್‌ಗಳಿಗೆ ಹೇಳಿದ್ದರು.’

ಫಿಚೆ-ಚಂಬಲಾಲ್ಲ ಸಿದಾಮಾ ಜನರ ಹೊಸ ವರ್ಷ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಬ್ಬ. ಅದರ ದಿನ ಯಾವ ಕ್ಯಾಲೆಂಡರಿನಲ್ಲೂ ಮೊದಲೇ ಅಚ್ಚಾಗಿರುವುದಿಲ್ಲ. ಆಕಾಶ ನೋಡಿ ಲೆಕ್ಕ ಹಾಕುವ ಬಲ್ಲವರು ತಿಥಿ ಗೊತ್ತುಮಾಡಿ ಕುಲಗಳಿಗೆ ಸಾರುತ್ತಾರೆ. ಪ್ರತಿ ವರ್ಷ ಅದು ಬೇರೆ ದಿನಕ್ಕೆ ಬೀಳುತ್ತದೆ. ಹುಡುಗಿಯರು ಹೇಳಿದ್ದರು. ಸೂಪರ್‌ವೈಸರುಗಳು ‘ಇಂಡಿಯದವರು ಕೊಡಲ್ಲ’ ಅಂತ ತಾವೇ ತೀರ್ಮಾನ ಮಾಡಿ ಮೇಲೆ ಕಳಿಸಿರಲಿಲ್ಲ.

ಆಮೇಲೆ ಅವಳು ಹಬ್ಬದ ಕತೆ ಹೇಳಿದಳು. ಮದುವೆಯಾಗಿ ಹೋದ ಹೆಣ್ಣೊಬ್ಬಳು ವರ್ಷಕ್ಕೊಮ್ಮೆ ತವರಿಗೆ ಬರುತ್ತಿದ್ದಳು. ಬರುವಾಗ ಹಾಲು, ಬೆಣ್ಣೆ, ಎನ್ಸೆಟ್ ಗಿಡದ ಹಿಟ್ಟು ಸೇರಿಸಿದ ಬೂರಿಸಮೆ ಅನ್ನುವ ಅಡುಗೆ ತಂದು ನೆರೆಹೊರೆಗೆಲ್ಲ ಹಂಚುತ್ತಿದ್ದಳು. ಅವಳ ನೆನಪಿಗೆ ಈ ಹಬ್ಬ.

ಜಿಎಂ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೌರಿ ಹಬ್ಬ’ ಅಂದರಂತೆ. ಅವಳಿಗೆ ಅರ್ಥವಾಗಲಿಲ್ಲ. ಇವರಿಗೆ ಆಗಿತ್ತು.

ಯಾಕೆಂದರೆ ಪೀಣ್ಯದಲ್ಲಿ ಗೌರಿ-ಗಣೇಶ ಬಂದರೆ ಲೈನ್ ಖಾಲಿಯಾಗುವುದು ಅವರಿಗೆ ಹೊಸದೇ? ಕುಣಿಗಲ್, ಮಾಗಡಿ, ಚನ್ನರಾಯಪಟ್ಟಣದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಬಾಗಿನ ತೆಗೆದುಕೊಂಡು ಎರಡು ದಿನ ತಡವಾಗಿಯೇ ಬರುತ್ತಾರೆ. ಇಪ್ಪತ್ತು ವರ್ಷ ಇವರು ಆ ವಾರದ ಪ್ಲಾನಿನಲ್ಲಿ ಮೊದಲೇ ಮೂರನೇ ಒಂದು ಭಾಗ ಕಳೆದೇ ಹಾಕುತ್ತಿದ್ದರು. ಅಲ್ಲಿ ಅದು ಹಬ್ಬ, ಇಲ್ಲಿ ಅಶಿಸ್ತು. ವ್ಯತ್ಯಾಸಗಳನ್ನೇ ಪಟ್ಟಿ ಮಾಡಿದ ನನ್ನ ತರಬೇತಿ ಈ ಹುಡುಗಿಯರನ್ನು ಇದ್ದದ್ದಕ್ಕಿಂತ ಹೆಚ್ಚು ಪರಕೀಯರನ್ನಾಗಿ ಮಾಡಿತ್ತು. ತಮಗೆ ಚೆನ್ನಾಗಿ ಗೊತ್ತಿದ್ದದ್ದೇ ಎದುರಿಗೆ ಬಂದು ನಿಂತಾಗ ಅವರಿಗೆ ಗುರುತು ಸಿಗಲಿಲ್ಲ.

ಮುಂದಿನ ಭಾನುವಾರ ಅವಳ ಹಳ್ಳಿಗೆ ಹೋದರು. ಮನೆ ಹಿಂದೆ ಬಾಳೆಯ ಹಾಗೇ ಕಾಣುವ, ಇನ್ನೂ ದಪ್ಪ ಬುಡದ ಗಿಡಗಳು. ಮಂಡ್ಯದವರ ಕಣ್ಣು ಸೀದಾ ಮೇಲೆ ಹೋಯಿತು, ‘ಗೊನೆ ಎಲ್ಲಿ?’ ಅವಳ ತಾಯಿ ಹೊಟ್ಟೆ ಹಿಡಿದು ನಕ್ಕರಂತೆ. ಎನ್ಸೆಟ್‌ನಲ್ಲಿ ತಿನ್ನುವುದು ಹಣ್ಣಲ್ಲ. ದಿಂಡಿನ ಪಟ್ಟೆಯನ್ನು ಹಲಗೆಗೆ ಆನಿಸಿ, ಬಿದಿರಿನ ಹೆರೆಮಣೆಯಂಥದ್ದರಲ್ಲಿ ಹೆರೆದು, ಬಂದ ತಿರುಳನ್ನು ಗುಂಡಿಯಲ್ಲಿ ಹುಳಿಯಾಗಲು ಬಿಟ್ಟು ಆಮೇಲೆ ರೊಟ್ಟಿ ತಟ್ಟುತ್ತಾರೆ. ಹೆರೆಯುವುದು ಹೆಂಗಸರ ಕೆಲಸ. ಮಗಳು ಫ್ಯಾಕ್ಟರಿಗೆ ಹೋದರೆ ಆ ಕೆಲಸ ತಾಯಿಯ ಮೇಲೆ ಬೀಳುತ್ತದೆ. ಬಾಡಿಗೆ, ಊಟ ಕಳೆದು ಮನೆಗೆ ಏನೂ ಉಳಿಯದಿದ್ದರೆ ‘ಬಂದುಬಿಡು’ ಅನ್ನುವುದು ಸಹಜ. ಇದನ್ನು ಯಾವ ಸ್ಲೈಡಿನಲ್ಲಿ ಹಾಕುತ್ತೀರಿ?

ಎರಡು ಸಭೆ

ಆಲಿಸುವ ಸಭೆ ಮಾಡೋಣ ಅಂತ ತೀರ್ಮಾನವಾಯಿತು. ಸಿದಾಮಾ ಪದ್ಧತಿಯಲ್ಲಿ ಮಾತಿಗೆ ಮೊದಲು ‘ಅಫಿನಿ?’ ಅನ್ನುತ್ತಾರೆ, ಅಂದರೆ ‘ಕೇಳಿದಿರಾ?’ ಎಲ್ಲರೂ ಕೇಳಿಸಿಕೊಂಡ ಮೇಲೆಯೇ ವಿಷಯ ಮುಂದಕ್ಕೆ. ಇದನ್ನು ತಿಳಿದು ಉತ್ಸಾಹಗೊಂಡ ನಮ್ಮವರು ಊರ ಹಿರಿಯರಿಬ್ಬರನ್ನು ಕರೆಸಿ, ಸ್ಥಳೀಯ ಸಂಪ್ರದಾಯದಂತೆಯೇ ಸಭೆ ನಡೆಸಿದರು. ಹಿರಿಯರು ಬಂದು ಕೂತರು. ಹುಡುಗಿಯರು ತಲೆ ತಗ್ಗಿಸಿದರು. ಹಿರಿಯರು ಕಷ್ಟಪಟ್ಟು ದುಡಿಯಿರಿ, ದೊಡ್ಡವರ ಮಾತು ಕೇಳಿ ಅಂದು ಕಾಫಿ ಕುಡಿದು ಹೋದರು. ಒಬ್ಬಳೂ ಬಾಯಿ ಬಿಡಲಿಲ್ಲ. ಬೆಂಗಳೂರಿಗೆ ‘ಸಭೆ ಯಶಸ್ವಿ’ ಅಂತ ಮೇಲ್ ಹೋಯಿತು.

ಇದು ಈ ಪ್ರಕರಣದ ಎರಡನೇ ತಪ್ಪು, ಮೊದಲನೆಯದಕ್ಕಿಂತ ನಯವಾದದ್ದು. ಸಂಪ್ರದಾಯಕ್ಕೆ ಗೌರವ ಕೊಟ್ಟ ಹಾಗೂ ಆಯಿತು, ಹಿರಿಯರ ಕೈಯಲ್ಲಿ ಶಿಸ್ತು ಮಾಡಿಸಿದ ಹಾಗೂ ಆಯಿತು. ಒಂದು ಸಮಾಜದೊಳಗೇ ಮಾತಾಡುವ ಹಕ್ಕು ಯಾರಿಗಿದೆ, ಯಾರಿಗಿಲ್ಲ ಅಂತ ನೋಡದೆ ‘ಸ್ಥಳೀಯ ಸಂಸ್ಕೃತಿ’ಯನ್ನು ಅಪ್ಪಿಕೊಂಡರೆ ಆಗುವುದೇ ಇದು. ನಮ್ಮ ಊರ ಪಂಚಾಯಿತಿ ಕಟ್ಟೆಯ ಮುಂದೆ ನಿಲ್ಲಿಸಿ ಸೊಸೆಯರನ್ನು ‘ನಿಮ್ಮ ಕಷ್ಟ ಹೇಳಿ’ ಅಂದರೆ ಹೇಳುತ್ತಾರೆಯೇ?

ಎಚ್‌ಆರ್ ಸಹಾಯಕಿ ಎರಡನೇ ಸಭೆಯನ್ನು ಬೇರೆ ರೀತಿ ಮಾಡಿಸಿದಳು. ಪ್ರತಿ ಲೈನಿನವರು ತಾವೇ ಆರಿಸಿದ ಇಬ್ಬರು. ಸೂಪರ್‌ವೈಸರುಗಳಿಲ್ಲ, ಹಿರಿಯರಿಲ್ಲ, ಮೈಕಿಲ್ಲ. ಕೆಲಸದ ಸಮಯದಲ್ಲೇ, ಸಂಬಳ ಕತ್ತರಿಸದೆ. ಜಿಎಂ ಮೂಲೆಯ ಸ್ಟೂಲಿನ ಮೇಲೆ ಕೂತಿರಬೇಕು, ಉತ್ತರ ಕೊಡಬಾರದು. ‘ಅದೇ ಕಷ್ಟವಾದದ್ದು,’ ಅಂದರು ನನ್ನ ಹತ್ತಿರ. ‘ಪ್ರತಿಯೊಂದಕ್ಕೂ ನನ್ನ ಹತ್ತಿರ ಕಾರಣ ಇತ್ತು.’

ಹಬ್ಬದ ಮಾತು ಅಲ್ಲಿ ಬಂದದ್ದು ಒಂದೇ ಸಲ. ಉಳಿದದ್ದೆಲ್ಲ ಬೇರೆ. ಒಂದು ಕೋಣೆಗೆ ನಾಲ್ಕು ಜನ ಇದ್ದರೂ ಬಾಡಿಗೆ ಕೊಟ್ಟು ಉಳಿಯುವುದಿಲ್ಲ. ರಾತ್ರಿ ಪಾಳಿ ಮುಗಿದರೆ ಬಸ್ಸು ದೊಡ್ಡ ರಸ್ತೆಯಲ್ಲೇ ಇಳಿಸುತ್ತದೆ, ಅಲ್ಲಿಂದ ಕತ್ತಲಲ್ಲಿ ನಡೆಯಬೇಕು, ಹಿಂದೆ ಹುಡುಗರು ಬೀಳುತ್ತಾರೆ. ಸೂಪರ್‌ವೈಸರ್ ನಮ್ಮ ಅಮ್ಹಾರಿಕ್ ಕೇಳಿ ಆಡಿಕೊಳ್ಳುತ್ತಾನೆ. ಕೊನೆಗೆ ಒಬ್ಬಳು ಎದ್ದು ನಿಂತು, ಕೆಟ್ಟ ಪೀಸನ್ನು ಮುಖದ ಮುಂದೆ ಎಸೆದು ಕೂಗುವ ಅಭಿನಯ ಮಾಡಿ ತೋರಿಸಿದಳು. ಎಲ್ಲರೂ ನಕ್ಕರು. ಅದು ಜಿಎಂ ಅವರದೇ ನಕಲು.

‘ಬೆಂಗಳೂರಲ್ಲಿ ಯಾರೂ ಏನೂ ಅಂತಿರಲಿಲ್ಲ’ ಅಂತ ಅವರು ನನಗೆ ಹೇಳಿದಾಗ ನಾನು ಸುಮ್ಮನಿರಲಾಗಲಿಲ್ಲ. ಬೆಂಗಳೂರಿನ ಹೆಣ್ಣುಮಕ್ಕಳಿಗೂ ಅದು ಅವಮಾನವೇ ಆಗಿತ್ತು. ಸಹಿಸಿಕೊಂಡಿದ್ದರು, ಅಷ್ಟೆ. ಅದನ್ನು ಸಾಂಸ್ಕೃತಿಕ ವ್ಯತ್ಯಾಸದ ಖಾತೆಗೆ ಬರೆಯುವುದು ಸುಲಭ. ನಾನೂ ಹಿಂದೆ ಬರೆದಿದ್ದೆ.

ಖರೀದಿದಾರನಿಗೆ ಏನು ಹೇಳುವುದು

ಇಷ್ಟರಲ್ಲಿ ಹಡಗು ತಪ್ಪುವುದು ಖಚಿತವಾಗಿತ್ತು. ಬೆಂಗಳೂರಿನಿಂದ ನಿರ್ದೇಶಕರ ಫೋನು: ‘ನೋಡಿ, ಜಿಬೂಟಿ ಬಂದರಿನಲ್ಲಿ ರಶ್ ಅಂತ ಹಾಕಿಬಿಡಿ. ಎಲ್ಲರೂ ಅದನ್ನೇ ಹೇಳೋದು.’ ಮೇಲ್ ಹಾಗೇ ತಯಾರಾಯಿತು. ಜಿಎಂ ಒಂದು ರಾತ್ರಿ ಅದನ್ನು ಕಳಿಸದೆ ಇಟ್ಟರು. ಸತ್ಯಸಂಧತೆಗಲ್ಲ, ಲೆಕ್ಕಕ್ಕೆ: ಬಂದರಿನ ನೆಪ ಹೇಳಿದರೆ ಮುಂದಿನ ವರ್ಷ ಇದೇ ಹಬ್ಬಕ್ಕೆ ಕಡಿಮೆ ಪ್ಲಾನ್ ಹಾಕಲು ಒಪ್ಪಿಗೆ ಕೇಳುವುದು ಹೇಗೆ? ಬೆಳಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು. ಹಬ್ಬ ಗೊತ್ತಿರಲಿಲ್ಲ, ನೋಟಿಸ್ ಹೊಡೆಸಿದ್ದು ನಮ್ಮ ತಪ್ಪು, ಜನ ಬಿಟ್ಟರು. ಹನ್ನೊಂದು ಸಾವಿರ ಈಗ, ಉಳಿದ ಏಳು ಸಾವಿರ ಹತ್ತು ದಿನ ತಡ.

ಖರೀದಿದಾರ ಒಪ್ಪಿದ, ಬೆಲೆಯಲ್ಲಿ ಸ್ವಲ್ಪ ಮುರಿದುಕೊಂಡೇ. ಜತೆಗೆ ಒಂದು ಆಡಿಟ್ ಬಂತು. ಆಡಿಟರು ಬಾಡಿಗೆಯ ವಿಷಯ ಕೇಳಿ, ನೀವು ಕೊಡುವ ಸಂಬಳ ಸಾಕಾಗುತ್ತದೆಯೇ ಅಂದರು. ಜಿಎಂ, ನೀವು ಶರ್ಟಿಗೆ ಕೊಡುವ ಬೆಲೆಯಲ್ಲಿ ಸಾಕಾಗುವಷ್ಟು ಕೊಡಬಹುದೇ ಅಂತ ತಿರುಗಿ ಕೇಳಿದರು. ಆ ಪ್ರಶ್ನೆ ವರದಿಯಲ್ಲಿಲ್ಲ. ವರದಿಯಲ್ಲಿ ಬಂದದ್ದು ಬಸ್ಸಿನ ವಿಷಯ.

ಬಸ್ಸು ನಿಜಕ್ಕೂ ಸರಿಯಾಯಿತು, ಒಳದಾರಿಯವರೆಗೆ ಹೋಗತೊಡಗಿತು. ನೋಟಿಸ್ ಮೂರು ಭಾಷೆಗೆ ಬಂತು. ಬಾಡಿಗೆ ಭತ್ಯೆ ಅಂತ ಒಂದಿಷ್ಟು ಸೇರಿತು. ಅದು ಏನೇನೂ ಸಾಲದು, ಕೊಟ್ಟವರಿಗೂ ಗೊತ್ತು. ಆಡಿಕೊಳ್ಳುತ್ತಿದ್ದ ಸೂಪರ್‌ವೈಸರನನ್ನು ಕಟಿಂಗ್‌ಗೆ ಹಾಕಿ, ಆ ಲೈನಿನ ಒಬ್ಬ ಆಪರೇಟರನ್ನೇ ಮೇಲೆ ತಂದರು. ಮುಂದಿನ ಫಿಚೆಗೆ ತಿಥಿ ಗೊತ್ತಾದ ದಿನವೇ ಎಚ್‌ಆರ್ ಸಹಾಯಕಿ ಜಿಎಂಗೆ ಹೇಳಿದಳು. ಎರಡು ದಿನ ಸಂಬಳ ಸಹಿತ ರಜೆ, ಅದರಲ್ಲಿ ಒಂದು ದಿನ ಭಾನುವಾರಕ್ಕೆ ಹೊಂದಾಣಿಕೆ. ಮೂರನೇ ದಿನ ಲೈನ್ ತುಂಬಿತ್ತು. ಕೆಲಸ ಬಿಡುವವರ ಸಂಖ್ಯೆ ಇಳಿಯಿತು, ನಿಲ್ಲಲಿಲ್ಲ. ಹಬ್ಬಕ್ಕೆ ರಜೆ ಕೊಟ್ಟದ್ದರಿಂದ ಬಾಡಿಗೆ ಕಟ್ಟಲಾಗುವುದಿಲ್ಲವಲ್ಲ.

ಎಚ್‌ಆರ್ ಸಹಾಯಕಿಯ ಹುದ್ದೆಯ ಹೆಸರು ದೊಡ್ಡದಾಯಿತು. ಸಂಬಳ ಮಾತ್ರ ಬೆಂಗಳೂರಿನಿಂದ ಬಂದಿದ್ದ ಅತಿ ಕಿರಿಯ ಎಕ್ಸಿಕ್ಯುಟಿವ್‌ಗಿಂತ ತುಂಬ ಕೆಳಗೇ ಉಳಿಯಿತು. ಎಂಟು ತಿಂಗಳಿಗೆ ಬ್ಯಾಂಕೊಂದಕ್ಕೆ ಹೋದಳು. ಈ ಇಡೀ ಪ್ರಕರಣದಲ್ಲಿ ಅಂತರ್-ಸಾಂಸ್ಕೃತಿಕ ಕೌಶಲ ಅಂತ ಯಾರಲ್ಲಾದರೂ ಇದ್ದಿದ್ದರೆ ಅದು ಅವಳಲ್ಲಿ. ಅದಕ್ಕೆ ತರಬೇತಿ ಪಡೆದ ಹದಿನಾಲ್ಕು ಜನರಿಗೆ ವಿದೇಶ ಭತ್ಯೆ ಸಿಗುತ್ತಿತ್ತು, ಕೌಶಲವಿದ್ದವಳಿಗೆ ಸಿಗಲಿಲ್ಲ. ನನ್ನ ವರದಿಯಲ್ಲಿ ಇದೊಂದು ಪ್ಯಾರಾ ದಪ್ಪಕ್ಷರದಲ್ಲಿತ್ತು. ಆಮೇಲೆ ಆ ಜಾಗಕ್ಕೆ ಜಾಹೀರಾತು ಕೊಟ್ಟಾಗ ‘ಸಿದಾಮು ಅಫೂ ಬಲ್ಲವರಿಗೆ ಆದ್ಯತೆ’ ಅಂತ ಮೊದಲ ಬಾರಿಗೆ ಬರೆದರು.

2022ರ ಜನವರಿಯಿಂದ ಅಮೆರಿಕ ಇಥಿಯೋಪಿಯಾಕ್ಕೆ ಸುಂಕ ವಿನಾಯಿತಿ ನಿಲ್ಲಿಸಿತು. ನಮ್ಮ ಘಟಕದ ಮಾಲು ಯುರೋಪಿಗೆ ಹೋಗುತ್ತಿದ್ದರೂ ಪಾರ್ಕಿಗೇ ಬಿದ್ದ ಪೆಟ್ಟು ಎಲ್ಲರಿಗೂ ತಾಕಿತು, ಲೈನ್‌ಗಳು ಕಡಿಮೆಯಾದವು. ಜಿಎಂ ಬೆಂಗಳೂರಿಗೆ ವಾಪಸಾದರು. ನಾನು ತರಬೇತಿಯ ಮೊದಲ ದಿನದ ಸ್ಲೈಡುಗಳನ್ನೆಲ್ಲ ತೆಗೆದಿದ್ದೇನೆ. ಈಗ ಹೋಗುವವರಿಗೆ ಮೊದಲು ಕೊಡುವುದು ಖಾಲಿ ಹಾಳೆ: ನಿಮ್ಮ ಈಗಿನ ಘಟಕದಲ್ಲಿ ಯಾರು ಯಾವ ಊರಿನವರು, ಮನೆಯಲ್ಲಿ ಏನು ಮಾತಾಡುತ್ತಾರೆ, ಯಾವ ವಾರ ಬರುವುದಿಲ್ಲ, ಅವರ ಮಾತು ನಿಮಗೆ ಯಾರ ಮೂಲಕ ತಲುಪುತ್ತದೆ, ಬರೆಯಿರಿ. ಹೆಚ್ಚಿನವರು ಎರಡನೇ ಸಾಲಿಗೆ ನಿಲ್ಲುತ್ತಾರೆ.

ಕಳೆದ ಸಲ ಜಿಎಂ ಸಿಕ್ಕಾಗ ಒಂದು ಚೀಟಿ ತೋರಿಸಿದರು. ಅವರ ಈಗಿನ ಘಟಕದ ಹಾಸ್ಟೆಲಿನಲ್ಲಿ ಒಡಿಶಾದ ಹುಡುಗಿಯರು ಆರು ವರ್ಷದಿಂದ ಇದ್ದಾರೆ. ಜೂನ್ ಮಧ್ಯದಲ್ಲಿ ಅವರಿಗೆ ‘ರಜ’ ಹಬ್ಬ: ಭೂಮಿತಾಯಿ ಮುಟ್ಟಾಗಿದ್ದಾಳೆ ಅಂತ ನೇಗಿಲು ಹೂಡದ, ಹೆಣ್ಣುಮಕ್ಕಳು ಕೆಲಸ ಬಿಟ್ಟು ಉಯ್ಯಾಲೆ ಆಡುವ ಮೂರು ದಿನ. ಒಬ್ಬಳು ರಜೆ ಅರ್ಜಿಯಲ್ಲಿ ಕಾರಣದ ಜಾಗದಲ್ಲಿ ಆ ಒಂದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ನಮ್ಮ ಟೈಮ್ ಆಫೀಸಿನ ಗುಮಾಸ್ತ ಅದನ್ನು ಕನ್ನಡವಾಗಿ ಓದಿ, ಕೆಂಪು ಇಂಕಿನಲ್ಲಿ ಷರಾ ಬರೆದು ವಾಪಸ್ ಕಳಿಸಿದ್ದ: ‘ರಜ ಬೇಕು ಸರಿ, ಕಾರಣ ಬರೆಯಿರಿ.’